ಬೀಗರ ವೈನಿಗೆ ಸಕ್ಕರೆ ಹಾಕಿದ ಆಂಟಿ

ಆಂಟಿಯ ಎಡಗೈ ಅಂಗೈಯ ಗುಳಿಯಲ್ಲಿ ಒಂದು ಹಳದಿ ಕಲೆ ಇತ್ತು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಬಿಡದ ಅರಿಶಿನದ ಕಲೆ. ಒಲೆಯ ಮೇಲೆ ಏನೇ ಕುದಿಯುತ್ತಿರಲಿ, ಸೌಟಿನಿಂದ ಒಂದು ಹನಿ ಆ ಗುಳಿಗೆ ಬಿಟ್ಟುಕೊಂಡು, ಫಕ್ಕನೆ ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅಡುಗೆಮನೆಯಲ್ಲಿ ಯಾರೂ ಮಾತಾಡಬಾರದು. ಆಮೇಲೆ ತೀರ್ಪು ಬರುತ್ತಿತ್ತು. "ಉಪ್ಪು ಸಾಲ್ದು." ಇಲ್ಲವೇ, "ಹುಳಿ ಜಾಸ್ತಿ ಆಯ್ತು ಮಾರಾಯ್ತಿ, ನೀನು ಮಾತಾಡಿಸ್ತಾ ಕೂತದ್ದು." ಚಮಚದಲ್ಲಿ ನೋಡಿದರೆ ಸ್ಟೀಲಿನ ರುಚಿಯೂ ಸೇರುತ್ತದೆ ಅಂತ ಅವರ ವಾದ. ಹುಳಿ ಜಾಸ್ತಿಯಾದದ್ದಕ್ಕೆ ನಾನು ಹೇಗೆ ಕಾರಣ ಅಂತ ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಾವು ಸಿಡ್ನಿಗೆ ಬಂದ ಹೊಸದು. ಬ್ಲಾಕ್‌ಟೌನಿನಲ್ಲಿ ಅವರ ಮನೆಯ ಹಿಂದಿನ ಗ್ರ್ಯಾನಿ ಫ್ಲಾಟಿನಲ್ಲಿ ರೆಂಟಿಗಿದ್ದೆವು. ನಾನು ದಾವಣಗೆರೆಯವಳು, ರೊಟ್ಟಿ ಪಲ್ಯದ ಮನೆಯಿಂದ ಬಂದವಳು. ಊಟದ ವಿಷಯದಲ್ಲಿ ಬೆಳ್ಳುಳ್ಳಿಗಿಂತ ದೊಡ್ಡ ಪಾಪ ಗೊತ್ತಿರಲಿಲ್ಲ. ಆಂಟಿ ಮಂಗಳೂರಿನವರು, ಮನೆಮಾತು ಕೊಂಕಣಿ, ಭಾನುವಾರ ತಪ್ಪದೆ ಚರ್ಚು, ಚರ್ಚಿನಿಂದ ಬಂದ ಕೂಡಲೇ ಬಫಾತ್, ಅಂದರೆ ಹಂದಿ ಮಾಂಸದ ಖಾರದ ಸಾರು. ಕುವೈತಿನಲ್ಲಿ ನರ್ಸಾಗಿದ್ದು, ಆಮೇಲೆ ಸಿಡ್ನಿಗೆ ಬಂದು, ಇಲ್ಲಿಯೂ ನರ್ಸಾಗಿಯೇ ರಿಟೈರ್ ಆದವರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ, ಮೆಲ್ಬರ್ನಿನಲ್ಲಿ ಕೆಲಸ. ಮಗನ ಫೋನು ಬರುವ ಹೊತ್ತಿಗೆ ಸರಿಯಾಗಿ ಪಾತ್ರೆ ತೊಳೆಯುವುದನ್ನೂ ನಿಲ್ಲಿಸಿ, ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಅವರ ಬಫಾತ್ ನಾನು ಮುಟ್ಟುವ ಹಾಗಿರಲಿಲ್ಲ, ವೈನಂತೂ ದೂರದ ಮಾತು. ಆದರೆ ಕ್ರಿಸ್ಮಸ್ಸಿಗೆ ಅವರು ವೈನ್ ಹಾಕುವುದನ್ನು ನೋಡುವುದೇ ಒಂದು ಸಂಭ್ರಮ. ಕಪ್ಪು ದ್ರಾಕ್ಷಿ, ಒಂದಿಷ್ಟು ಗೋಧಿ, ಲವಂಗ, ಚಕ್ಕೆ, ಕೈಬಿಟ್ಟು ಸಕ್ಕರೆ. ಎಲ್ಲ ಸೇರಿ ಭರಣಿಗೆ ಹೋಗಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ವಾಷಿಂಗ್ ಮಷೀನಿನ ಪಕ್ಕ ಕೂರುತ್ತಿತ್ತು. ಅತ್ತೆ ಕಲಿಸಿಕೊಟ್ಟ ವಿದ್ಯೆಯಂತೆ. ಅತ್ತೆಯ ಬಗ್ಗೆ ಆಂಟಿ ಹೇಳುತ್ತಿದ್ದ ಒಳ್ಳೆಯ ಮಾತು ಅದೊಂದೇ. "ಸಿಹಿ ಇಲ್ಲದ ವೈನ್ ಅಂದ್ರೆ ಬೇಯದ ಅನ್ನ," ಅನ್ನುತ್ತಿದ್ದರು. ಅದು ಅವರಿಗೆ ಅಭಿಪ್ರಾಯ ಅಲ್ಲ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂದಷ್ಟು ಸಹಜವಾದ ಮಾತು.

ಮಗ ಮೆಲ್ಬರ್ನಿನಲ್ಲಿ ಒಬ್ಬಳು ಹುಡುಗಿಯನ್ನು ಮೆಚ್ಚಿದ. ಸ್ಪೇನಿನಿಂದ ಬಂದು ನೆಲೆಸಿದ ಮನೆತನ. ಆಂಟಿ ಮೊದಲು ಕೇಳಿದ್ದು, "ಕ್ಯಾಥೊಲಿಕ್ ಅಲ್ವಾ?" ಹೌದು ಅಂದಮೇಲೆ ಎಲ್ಲ ಸಲೀಸು. ಮದುವೆ ಸಿಡ್ನಿಯಲ್ಲೇ, ಆಂಟಿಯ ಚರ್ಚಿನಲ್ಲೇ ಅಂತ ಆಯಿತು. ಹುಡುಗಿಯ ಅಪ್ಪ, ಅಂದರೆ ಬೀಗರು, ಟೈಲ್ಸ್ ಹಾಕುವ ಕಂಟ್ರ್ಯಾಕ್ಟರು. ದಪ್ಪ ಬೆರಳು, ಕಡಿಮೆ ಮಾತು. ಮದುವೆಗೆ ಎರಡು ದಿನ ಮುಂಚೆ ಮೆಲ್ಬರ್ನಿನಿಂದ ಕಾರಿನಲ್ಲಿ ಬಂದರು. ಜನವರಿಯ ಬಿಸಿಲು ಹಂಚು ಕಾಯಿಸಿದ ಹಾಗೆ ಕಾಯುತ್ತಿತ್ತು. ಡಿಕ್ಕಿಯಲ್ಲಿ ಕಂಬಳಿ ಸುತ್ತಿಟ್ಟಿದ್ದ, ವೈನ್ ಬಾಟಲಿಗಳ ಒಂದು ಮರದ ಪೆಟ್ಟಿಗೆ ಇಳಿಸಿ, ಆಂಟಿಯ ಕೈಗೆ ಒಪ್ಪಿಸಿದರು. "ಮೋಟೆಲಿನ ರೂಮು ಬಿಸಿ. ನಿಮ್ಮ ಮನೆಯಲ್ಲಿ ತಣ್ಣಗಿರುವ ಜಾಗದಲ್ಲಿಡಿ. ಟೋಸ್ಟಿಗೆ ಇದೇ," ಅಂದರು. ಅಷ್ಟೇ. ಅವರ ಇಂಗ್ಲಿಷು ಆಂಟಿಗೆ ಅರ್ಧ, ಆಂಟಿಯ ಇಂಗ್ಲಿಷು ಅವರಿಗೆ ಅರ್ಧ. ಉಳಿದದ್ದನ್ನು ಇಬ್ಬರೂ ನಕ್ಕು ತುಂಬಿಸಿಕೊಂಡರು.

ಟೋಸ್ಟ್ ಅಂದರೆ ಇವರ ಮದುವೆಗಳಲ್ಲಿ ನಮ್ಮ ಆರತಕ್ಷತೆಯ ಹಾಗೆ ದೊಡ್ಡ ಘಳಿಗೆ. ಹಿರಿಯರೊಬ್ಬರು ಎದ್ದು ಹುಡುಗ ಹುಡುಗಿಯ ಗುಣಗಾನ ಮಾಡುತ್ತಾರೆ, ಎಲ್ಲರೂ ಎದ್ದು ನಿಂತು ವೈನ್ ಎತ್ತುತ್ತಾರೆ. ಸಾಮಾನ್ಯವಾಗಿ ಗಂಡಿನ ಮನೆಯ ವೈನು. ಆಂಟಿ ಅದಕ್ಕೆಂದೇ ಆರು ತಿಂಗಳು ಮುಂಚೆ ಭರಣಿ ತುಂಬಿದ್ದರು. ಆದರೂ ಒಂದು ಮಾತು ಆಡದೆ, "ಅವರ ಮಗಳಲ್ವಾ, ಅವರದ್ದೇ ಇರ್ಲಿ," ಅಂತ ತಮ್ಮದನ್ನು ಒಳಗಿಟ್ಟರು. ಅಂಥ ದೊಡ್ಡ ಮನಸ್ಸು.

ಮಾರನೆ ದಿನ ಬೆಳಿಗ್ಗೆ ನಾನು ಹಿಂಬಾಗಿಲಿನಿಂದ ಒಳಗೆ ಹೋದರೆ ಅಡುಗೆಮನೆ ತುಂಬ ಲವಂಗದ ಘಮ. ಮರದ ಪೆಟ್ಟಿಗೆ ಖಾಲಿ. ಬಾಟಲಿಗಳೆಲ್ಲ ಬಾಯಿ ತೆರೆದು ಸಾಲಾಗಿ ನಿಂತಿವೆ. ಒಲೆಯ ಪಕ್ಕ ದೊಡ್ಡ ಪಾತ್ರೆ, ಅದರಲ್ಲಿ ಕೆಂಪು ವೈನು, ಆಂಟಿ ಸಕ್ಕರೆ ಪಾಕ ಹೊಯ್ದು ತಿರುಗಿಸುತ್ತಿದ್ದಾರೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಯಾರಿಗೂ ಹೇಳ್ಬೇಡ. ಪಾಪ, ಅವರ ವೈನ್ ಕೆಟ್ಟುಹೋಗಿದೆ."

ತಾನು ರುಚಿ ನೋಡದ್ದನ್ನು ಇನ್ನೊಬ್ಬರ ಬಾಯಿಗೆ ಕೊಡಬಾರದು ಅಂತ ಅವರ ನಿಯಮ. ಹಾಗಾಗಿ ಒಂದು ಬಾಟಲಿ ತೆಗೆದು ಅಂಗೈಗೆ ಹನಿ ಬಿಟ್ಟುಕೊಂಡು ನೋಡಿದ್ದಾರೆ. ಒಗರು. ಅನುಮಾನ ಬಂದು ಗ್ಲಾಸಿಗೆ ಹಾಕಿಕೊಂಡು ಒಂದೊಂದೇ ಗುಟುಕು ನೋಡಿದ್ದಾರೆ. ಒಗರು, ಹುಳಿ, ಹಳೇ ಬೀರುವಿನ ವಾಸನೆ, ಸಿಹಿಯ ಸುಳಿವೇ ಇಲ್ಲ. ಇನ್ನೊಂದು ಬಾಟಲಿ ತೆಗೆದರೂ ಅದೇ. "ಅಷ್ಟು ದೂರದಿಂದ ಬಿಸಿಲಲ್ಲಿ ತಂದದ್ದು, ಕೆಡದೆ ಇರ್ತದಾ? ನಾಳೆ ಅಷ್ಟು ಜನರ ಎದುರು ಅವರ ಮರ್ಯಾದೆ ಏನಾಗ್ಬೇಕು? ನಮ್ಮ ಬೀಗರು ಅಂದ್ಮೇಲೆ ಅವರ ಮಾನ ನಮ್ಮದಲ್ವಾ?" ಅಂದರು. ಆ ಬೀಗರ ಮಾನ ಉಳಿಸಲಿಕ್ಕೆ ಬೆಳಗಿನ ಜಾವಕ್ಕೇ ಎದ್ದಿದ್ದರು ಪಾಪ. ನನಗೆ ನಿಜವಾಗಿ ಕಣ್ಣು ತುಂಬಿತು. ಎಂಥ ಬೀಗತಿ ಸಿಕ್ಕಳಪ್ಪಾ ಆ ಮನುಷ್ಯನಿಗೆ ಅಂದುಕೊಂಡೆ.

ಟೋಸ್ಟಿನ ಹೊತ್ತು ನಾನು ಆಂಟಿಯ ಪಕ್ಕದಲ್ಲೇ ಇದ್ದೆ, ಕೈಯಲ್ಲಿ ಕಿತ್ತಳೆ ಜ್ಯೂಸ್ ಹಿಡಿದುಕೊಂಡು. ಮಾತು ಮುಗಿಯಿತು, ಹಾಡು ಮುಗಿಯಿತು, ಎಲ್ಲರೂ ಗ್ಲಾಸ್ ಎತ್ತಿದರು. ಬೀಗರು ಕುಡಿಯುವ ಮುಂಚೆ ಕಣ್ಣು ಮುಚ್ಚಿದರು, ದೇವರ ಮುಂದೆ ಮುಚ್ಚುತ್ತೇವಲ್ಲ, ಹಾಗೆ. ಒಂದು ಗುಟುಕು. ಕಣ್ಣು ತೆರೆದರು. ಗ್ಲಾಸು ನೋಡಿದರು. ಮತ್ತೆ ಮೂಸಿದರು.

ಆಂಟಿ ಅವರ ಕಿವಿಯ ಹತ್ತಿರ ಬಾಗಿ, ಇಂಗ್ಲಿಷಿನಲ್ಲಿ ಮೆಲ್ಲಗೆ, "ನಾನೇ ಸರಿ ಮಾಡಿದೆ. ಯಾರಿಗೂ ಗೊತ್ತಿಲ್ಲ. ನೀವು ತಲೆಬಿಸಿ ಮಾಡ್ಬೇಡಿ," ಅಂದರು.

"ಎಲ್ಲ ಬಾಟಲಿಗೂ?" ಅಂತ ಅವರು ಕೇಳಿದರು.

"ಎಲ್ಲದಕ್ಕೂ," ಅಂದರು ಆಂಟಿ, ಮುಖ ಅರಳಿಸಿಕೊಂಡು.

ಆ ಮನುಷ್ಯ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗ್ಲಾಸನ್ನು ಟೇಬಲಿನ ಮೇಲೆ ಸದ್ದಾಗದ ಹಾಗೆ ಇಟ್ಟು, ಮದುವೆ ಹಾಲ್‌ನಿಂದ ಹೊರಗೆ ಕಾರ್ ಪಾರ್ಕಿಂಗಿಗೆ ನಡೆದುಬಿಟ್ಟರು. ಮದುಮಗಳು ಬಿಳಿ ಗೌನು ಎತ್ತಿ ಹಿಡಿದು ಅಪ್ಪನ ಹಿಂದೆ ಓಡಿದಳು.

ವಿಷಯ ಏನಂತ ಮಗ ಆಮೇಲೆ ಬಾಯಿಬಿಟ್ಟ. ಅದು ಬೀಗರ ಅಣ್ಣ ತನ್ನ ಸ್ವಂತ ದ್ರಾಕ್ಷಿ ತೋಟದಲ್ಲಿ ಮಾಡಿದ ವೈನು. ಸ್ಪೇನಿನ ಉತ್ತರಕ್ಕೆ ರಿಯೋಹಾ ಅಂತ ಸೀಮೆ ಇದೆಯಂತೆ, ಅಲ್ಲಿಯದು. ಈ ಹುಡುಗಿ ಹುಟ್ಟಿದ ವರ್ಷದ ಬೆಳೆ, ಮದುವೆಗೇ ಅಂತ ತೆಗೆದಿಟ್ಟದ್ದು. ಅಣ್ಣ ತೀರಿಹೋಗಿ, ತೋಟ ಪರರ ಪಾಲಾಗಿ, ಅವನ ಕೈಯಿಂದ ಉಳಿದದ್ದು ಜಗತ್ತಿನಲ್ಲಿ ಆ ಒಂದು ಪೆಟ್ಟಿಗೆ ಮಾತ್ರ. ಬೀಗರೂ ಅದನ್ನು ಯಾವತ್ತೂ ತೆರೆದು ನೋಡಿರಲಿಲ್ಲ. ಅಲ್ಲ, ಇದನ್ನು ಮೊದಲೇ ತಾಯಿಗೆ ಹೇಳಲಿಕ್ಕೆ ಈ ಹುಡುಗನಿಗೆ ಏನಾಗಿತ್ತು ಧಾಡಿ? ಸೂಟು ಹೊಲಿಸುವುದರಲ್ಲಿ ಮರೆತನಂತೆ!

ಮದುವೆಯಾಗಿ ಹೋದವರು ಹೋದರು. ಫೋನು ಕಡಿಮೆಯಾಯಿತು. ಕೊನೆಗೊಂದು ದಿನ ಮಗ, "ಜಸ್ಟ್ ಸೇ ಸಾರಿ, ಮಮ್ಮಿ. ಒಂದು ಫೋನ್ ಕಾಲ್ ಅಷ್ಟೇ," ಅಂದ. ಸ್ಪೀಕರಿನಲ್ಲಿತ್ತು, ನಾನೂ ಕೇಳಿಸಿಕೊಂಡೆ. ಆಂಟಿ "ಆಗುದಿಲ್ಲ" ಅಂದುಬಿಟ್ಟರು! ಅಲ್ಲಿಗೆ ಫೋನು ಪೂರಾ ನಿಂತಿತು. ಆದರೂ ಆ ಹೊತ್ತಿಗೆ ಆಂಟಿ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂರುವುದು ನಿಲ್ಲಲಿಲ್ಲ. ಅದನ್ನು ನೋಡಿ ನನಗೆ ಪಾಪ ಅನ್ನಿಸುತ್ತಿತ್ತು, ಜೊತೆಗೆ ಸಿಟ್ಟೂ ಬರುತ್ತಿತ್ತು.

"ನಿಮಗೇನು ಹುಚ್ಚಾ ಆಂಟಿ? ಈ ದೇಶದಲ್ಲಿ ಬಸ್ಸಿನಲ್ಲಿ ಮೊಳಕೈ ತಾಗಿದರೂ ಸಾರಿ ಅಂತಾರೆ. ಹೇಳಿ ಮುಗಿಸಬಾರದಾ?" ಅಂತ ಜಗಳಕ್ಕೇ ನಿಂತೆ.

"ಹೇಳುದಕ್ಕೆ ಎಷ್ಟೊತ್ತು ಬೇಕು?" ಅಂದರು. "ಆದ್ರೆ ನನ್ನ ಮನಸ್ಸಲ್ಲಿ ಇವತ್ತಿಗೂ ಆ ವೈನ್ ಕೆಟ್ಟದ್ದೇ. ನಾನು ಸರಿ ಮಾಡಿದ್ದೇ. ಬಾಯಲ್ಲಿ ಸಾರಿ, ಒಳಗೆ ‘ನನ್ನದೇ ಸರಿ’ ಅಂತ ಇಟ್ಕೊಂಡ್ರೆ ಅದು ಪಾಪನಿವೇದನೆಗೆ ಕೂತು ಪಾದ್ರಿಗೇ ಸುಳ್ಳು ಹೇಳಿದ ಹಾಗೆ. ನಾನು ಎಂಥದ್ದು ಹಾಳು ಮಾಡಿದೆ ಅಂತ ಮೊದಲು ನನ್ನ ನಾಲಗೆಗೆ ಗೊತ್ತಾಗ್ಬೇಕು."

ಹಾಗೆ ಶುರುವಾಯಿತು ಆಂಟಿಯ ಪಾಠ. ಬಾಟಲ್ ಶಾಪಿನವನ ಹತ್ತಿರ ಹೋಗಿ, "ಸ್ಪೇನಿನದ್ದು ಕೊಡಪ್ಪಾ, ಕೆಂಪು, ಸಿಹಿ ಇಲ್ಲದ್ದು," ಅಂತ ತರುವುದು. ಶನಿವಾರ ಸಂಜೆ ಅಡುಗೆಮನೆಯ ಟೇಬಲಿಗೆ ಕೂರುವುದು. ಜೊತೆಗೆ ನಾನು, ನನ್ನ ಮುಂದೆ ಮೆಣಸಿನಕಾಯಿ ಮಂಡಕ್ಕಿ. ಮೊದಲ ಗುಟುಕಿಗೇ "ಥೂ! ಆಸ್ಪತ್ರೆ ಮದ್ದು," ಅಂತ ಮುಖ ಕಿವುಚುತ್ತಿದ್ದರು. ಆದರೂ ಬಿಡುತ್ತಿರಲಿಲ್ಲ. ನುಂಗಿ, ಕಣ್ಣು ಮುಚ್ಚಿ ಕಾಯುವುದು. ನನಗೂ ಕೆಲಸ ಕೊಟ್ಟಿದ್ದರು. "ಕುಡಿಯೋದು ಬೇಡ, ಮೂಸಿ ಹೇಳು. ನಿನ್ನ ಮೂಗು ಹೊಸತು."

ನಾನು ಮೂಸಿ ನನಗೆ ತೋಚಿದ್ದು ಹೇಳುತ್ತಿದ್ದೆ. ನೇರಳೆ ಹಣ್ಣು. ಹೊಸ ಚಪ್ಪಲಿ ಅಂಗಡಿ. ಮಳೆಗೆ ತೊಯ್ದ ಗೋಣಿಚೀಲ. ಆಂಟಿ ಬಾಯಲ್ಲಿ ಹುಡುಕಿ, "ನೇರಳೆ ಹೌದು. ಗೋಣಿ ಇಲ್ಲ, ಸುಮ್ನೆ ಬಡಾಯಿ ಬೇಡ," ಅನ್ನುತ್ತಿದ್ದರು. ಒಂದು ಸಂಜೆ ಗ್ಲಾಸಿನೊಳಗೆ ಮೂಗು ಹಾಕಿದವರು ತಟ್ಟನೆ ಎದ್ದು ನಿಂತರು. "ಮಾರಾಯ್ತಿ, ಇದರಲ್ಲಿ ಕೊಬ್ಬರಿ ಉಂಟು!" ಮಾರನೆ ದಿನವೇ ಅಂಗಡಿಯವನನ್ನು ಹೋಗಿ ಹಿಡಿದರೆ, ಅವನು ನಕ್ಕು, ರಿಯೋಹಾದವರು ಹಿಂದಿನಿಂದಲೂ ಅಮೆರಿಕದ ಓಕ್ ಮರದ ಪೀಪಾಯಿಯಲ್ಲಿ ವೈನ್ ಇಡುತ್ತಾರೆ, ಆ ಮರ ಬಿಟ್ಟುಕೊಡುವ ಪರಿಮಳ ಅದು ಅಂದನಂತೆ. ಆಂಟಿಗೆ ಲಾಟರಿ ಹೊಡೆದಷ್ಟು ಖುಷಿ. ಸ್ಪೇನಿನವರ ಮೇಲೆ ಮೊದಲ ಸಲ ಅವರಿಗೆ ನಂಟಸ್ತಿಕೆಯ ಭಾವ ಬಂದದ್ದು ಆವತ್ತೇ ಇರಬೇಕು.

ಇನ್ನೊಂದು ಭಾನುವಾರ ಬಫಾತ್ ಜೊತೆ ಕುಡಿದು ನೋಡಿದರು. ಹಂದಿಯ ಕೊಬ್ಬು ನಾಲಗೆಗೆ ಹತ್ತಿಕೊಂಡಿರುತ್ತದಂತೆ, ಈ ಒಗರು ಬಂದು ಅದನ್ನು ಸವರಿ ತೆಗೆದು, ಮುಂದಿನ ತುತ್ತಿಗೆ ಬಾಯಿ ಹಸನು ಮಾಡಿಕೊಡುತ್ತದಂತೆ. "ಊಟದ ನಡುವೆ ಅಡಿಕೆ ಹಾಕ್ಕೊಂಡ ಹಾಗೆ, ಆದ್ರೆ ಒಳ್ಳೇದಾಗ್ತದೆ," ಅಂತ ವಿವರಿಸಿದರು. ಒಗರು ಅಂದರೆ ದೋಷ ಅಂತ ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಅಷ್ಟರಲ್ಲಿ ಸೊಸೆ ಬಸುರಿ ಅನ್ನುವ ಸುದ್ದಿ ಯಾರಿಂದಲೋ ಬಂತು. ಸ್ವಂತ ಮೊಮ್ಮಗುವಿನ ಸುದ್ದಿ ಚರ್ಚಿನ ಮೆಟ್ಟಿಲ ಮೇಲೆ ಮೂರನೆಯವರಿಂದ ಕೇಳಬೇಕಾಗಿ ಬಂದಿತ್ತು. ಅವತ್ತು ನಾನು ಕೈ ಮುಗಿದು ಬೇಡಿಕೊಂಡೆ, ಈಗಲಾದರೂ ಹೇಳಿ ಅಂತ. ಇಲ್ಲ ಅಂದರೆ ಇಲ್ಲ. "ಇನ್ನೂ ಪೂರ್ತಿ ಸಿಕ್ಕಿಲ್ಲ," ಅಂದರು. ಮಗ ಕೈತಪ್ಪಿ ಹೋಗುತ್ತಿದ್ದಾನೆ, ಈ ಹೆಂಗಸು ವೈನಿನ ರುಚಿ ಹುಡುಕುತ್ತಾ ಕೂತಿದ್ದಾಳಲ್ಲ ಶಿವನೇ ಅಂತ ನಾನು ಮೂರು ದಿನ ಮಾತು ಬಿಟ್ಟೆ.

ನಾಲ್ಕನೆಯ ದಿನ ಅವರೇ ಕರೆದರು. ಅಂಗಡಿಯವನು ಹಳೆಯದೊಂದು ಬಾಟಲಿ ತರಿಸಿಕೊಟ್ಟಿದ್ದ, ಪೀಪಾಯಿಯಲ್ಲಿ, ಆಮೇಲೆ ಬಾಟಲಿಯಲ್ಲಿ ವರ್ಷಗಟ್ಟಲೆ ಮಲಗಿದ್ದು. ಬಣ್ಣವೇ ಬೇರೆ, ಹಳೆಯ ಇಟ್ಟಿಗೆಯ ಅಂಚಿನ ಹಾಗೆ. ಆಂಟಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ತೀರ್ಪು ಬರಲಿಲ್ಲ. ನೋಡಿದರೆ ಮುಚ್ಚಿದ ಕಣ್ಣಿಂದ ನೀರು.

"ನನ್ನ ಅಮ್ಮ ಬೀಡಿ ಕಟ್ತಿದ್ದದ್ದು," ಅಂದರು. "ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪು. ನಾನು ಶಾಲೆಯಿಂದ ಬಂದು ಅವಳ ಸೀರೆಗೆ ಮುಖ ಒರೆಸ್ತಿದ್ದೆ. ಈ ವಾಸನೆ ಅದೇ. ಬೀಗರ ವೈನಲ್ಲಿ ಇದು ಇನ್ನೂ ಜಾಸ್ತಿ ಇತ್ತು ಮಗಾ. ಕೆಟ್ಟ ವಾಸನೆ ಅಂತ ನಾನು ಲವಂಗ ಹಾಕಿ ಮುಚ್ಚಿದೆ. ಅಮ್ಮನ ಮಡಿಲಿನ ವಾಸನೆಯನ್ನು ಮುಚ್ಚಿದೆ ನಾನು."

ಅಷ್ಟು ದಿನ ಮಗನಿಗಾಗಿಯೂ ಅಳದ ಹೆಂಗಸು ಆವತ್ತು ಟೇಬಲಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತರು. ನಾನು ಬೆನ್ನು ಸವರುತ್ತಾ ಕೂತೆ, ನನಗೂ ತಡೆಯಲಿಕ್ಕಾಗಲಿಲ್ಲ.

ಅಷ್ಟು ಹೊತ್ತಿಗೆ ನಮ್ಮವರಿಗೆ ಮೆಲ್ಬರ್ನಿಗೆ ವರ್ಗವಾಗಿತ್ತು. ವೆರಿಬೀಯಲ್ಲಿ ಮನೆ ಹಿಡಿದೆವು. ಪೆಟ್ಟಿಗೆ ಬಿಚ್ಚಿ ಮುಗಿಯುವ ಮೊದಲೇ ಆಂಟಿ ಫ್ಲೈಟ್ ಬುಕ್ ಮಾಡಿಕೊಂಡು ಬಂದಿಳಿದರು. ಮೊಮ್ಮಗಳು ಹುಟ್ಟಿಯಾಗಿತ್ತು, ಇನ್ನೂ ಮುಖ ನೋಡಿರಲಿಲ್ಲ. ನಾನೇ ಕಾರಿನಲ್ಲಿ ಬೀಗರ ಮನೆಗೆ ಕರೆದುಕೊಂಡು ಹೋದೆ. ಮೊದಲೇ ಫೋನ್ ಮಾಡೋಣ ಅಂದರೆ ಬೇಡ ಅಂದರು. "ಬರುದು ಬೇಡ ಅಂದ್ರೆ ಏನು ಮಾಡುದು?"

ಬಾಗಿಲು ತೆಗೆದ ಬೀಗರ ಹೆಂಡತಿ ಗಾಬರಿಯಾಗಿ, ಏನೂ ತೋಚದೆ ಹಿತ್ತಲಿಗೆ ಕರೆದೊಯ್ದರು. ಬೀಗರು ಅಲ್ಲಿ ಬಳ್ಳಿಯ ಚಪ್ಪರದ ಕೆಳಗೆ ಕೂತಿದ್ದರು. ಏಳಲಿಲ್ಲ. ಕೂತುಕೊಳ್ಳಿ ಅಂತಲೂ ಅನ್ನಲಿಲ್ಲ. ಆಂಟಿ ನಿಂತೇ ಶುರು ಮಾಡಿದರು, ತಮ್ಮ ಮಂಗಳೂರಿನ ಇಂಗ್ಲಿಷಿನಲ್ಲಿ, ಪರೀಕ್ಷೆಗೆ ಓದಿಕೊಂಡು ಬಂದ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು.

"ನಿಮ್ಮ ಅಣ್ಣನ ವೈನನ್ನು ಅದು ಇದ್ದ ಹಾಗೆ ಕುಡಿದವಳು ನಾನೊಬ್ಬಳೇ. ಆವತ್ತು ನನಗೆ ಅರ್ಥ ಆಗಿರಲಿಲ್ಲ. ಈಗ ಆಗಿದೆ. ಅದಕ್ಕೇ ಬಂದೆ.

"ಮೊದಲು ಒಗರು. ನಮ್ಮಲ್ಲಿ ನೇರಳೆ ಹಣ್ಣು ಅಂತ ಉಂಟು, ಅದನ್ನು ತಿಂದಾಗ ಆಗುವಂಥದ್ದು. ಆದರೆ ಒರಟಿಲ್ಲ, ತುಂಬ ಸಲ ಒಗೆದ ಹತ್ತಿಸೀರೆಯಷ್ಟು ಮೆತ್ತಗೆ. ಆಮೇಲೆ ಹುಳಿ, ಒಣಗಿಸಿದ ಹಣ್ಣಿನ ಹುಳಿ, ಹಸಿಹುಳಿ ಅಲ್ಲ. ಹಿಂದೆಯೇ ಕೊಬ್ಬರಿ, ತುಂಬ ಹಳೆಯದು, ಹಬ್ಬ ಮುಗಿದ ಮೇಲೆ ಡಬ್ಬದಲ್ಲಿ ಉಳಿಯುವ ಪರಿಮಳದಷ್ಟೇ. ಚರ್ಚಿನ ಹಳೆಯ ಮರದ ಬೀರು ತೆಗೆದಾಗ ಬರುವ ವಾಸನೆ, ಮೇಣದ ಸಮೇತ. ಕಿತ್ತಳೆ ಸಿಪ್ಪೆ ಒಂದು ಚೂರು. ಎಲ್ಲದರ ಕೆಳಗೆ ಹೊಗೆಸೊಪ್ಪು, ಸುಟ್ಟದ್ದಲ್ಲ, ಸುಡುವ ಮೊದಲಿನದ್ದು. ನನ್ನ ಅಮ್ಮನ ಕೈಯಲ್ಲಿ ಇರ್ತಿದ್ದದ್ದು."

ಬೀಗರು ಕಣ್ಣು ಮುಚ್ಚಿಬಿಟ್ಟಿದ್ದರು. ಕಣ್ಣು ತೆರೆಯದೆಯೇ ಕೇಳಿದರು, "ನುಂಗಿದ ಮೇಲೆ? ಕೊನೆಗೆ ಬಾಯಲ್ಲಿ ಏನು ಉಳಿಯಿತು?"

ಆಂಟಿ ಯೋಚಿಸಿದರು. "ಸಿಹಿ ಇರಲಿಲ್ಲ," ಅಂದರು. "ಆದರೆ ಸಿಹಿ ಈಗಷ್ಟೇ ಎದ್ದು ಹೋದ ಹಾಗಿತ್ತು." ಅಷ್ಟಾದ ಮೇಲೆ, "ಅದನ್ನು ನಾನು ಹಾಳು ಮಾಡಿದೆ. ಕ್ಷಮಿಸಿ," ಅಂದರು.

ಆ ದಪ್ಪ ಬೆರಳುಗಳಲ್ಲಿ ಮುಖ ಮುಚ್ಚಿಕೊಂಡು ಆ ಮನುಷ್ಯ ಅತ್ತದ್ದನ್ನು ನಾನು ಮರೆಯಲಾರೆ. ಅಣ್ಣನಿಗಾಗಿ ಅತ್ತದ್ದು ಅದು. ಎದ್ದು ಬಂದು ಆಂಟಿಗೆ ಕುರ್ಚಿ ಹಾಕಿದರು. ಅವರ ಹೆಂಡತಿ ಒಳಗೆ ಓಡಿ ಮಗಳಿಗೆ ಫೋನ್ ಮಾಡಿದರು. ಸಂಜೆಯ ಹೊತ್ತಿಗೆ ಮೊಮ್ಮಗಳು ಆಂಟಿಯ ತೊಡೆಯ ಮೇಲಿದ್ದಳು, ಮಗ ಹಿಂದೆ ನಿಂತು ತಾಯಿಯ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದ.

ಅಲ್ಲಿಂದ ಮುಂದೆ ಆಂಟಿ ಮೆಲ್ಬರ್ನಿಗೆ ಬಂದಾಗಲೆಲ್ಲ ಬೀಗರದ್ದು ಒಂದೇ ಬೇಡಿಕೆ. ಊಟ ಮುಗಿದ ಮೇಲೆ, "ಹೇಳಿ," ಅನ್ನುತ್ತಿದ್ದರು. ಆಂಟಿ ಹೇಳುತ್ತಿದ್ದರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಇನ್ನೊಂದಿಷ್ಟು ಸೇರಿಸಿದರೆ ಅವರಿಗೆ ಖುಷಿಯಾಗುತ್ತಲ್ಲ ಅಂತ ನಾನೊಮ್ಮೆ ಅಂದದ್ದಕ್ಕೆ, "ಒಮ್ಮೆ ಸೇರಿಸಿದ್ದು ಸಾಕಾಗ್ಲಿಲ್ವಾ?" ಅಂತ ಬೈದರು. ಅವರಿಂದ ನಾನು ಕಲಿತದ್ದು ಕ್ಷಮೆ ಕೇಳುವುದನ್ನು. ಮುಂಚೆ ನಾಲಗೆ ತುದಿಯಲ್ಲಿ ಸಾರಿ ಇಟ್ಟುಕೊಂಡು ಓಡಾಡುತ್ತಿದ್ದೆ, ಈಗ ನನ್ನ ಮಕ್ಕಳ ಹತ್ತಿರ ಸಹ ಏನಾಯಿತು ಅಂತ ಮೊದಲು ಕೂತು ತಿಳಿದುಕೊಳ್ಳುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹಾಗೆ ಕೆಲವು ವರ್ಷ ಕಳೆದ ಮೇಲೆ ಆಂಟಿ ಹೋಗಿಬಿಟ್ಟರು. ಹೆಚ್ಚು ದಿನ ಮಲಗಲಿಲ್ಲ. ಸುದ್ದಿ ಕೇಳಿ ನಾನು ಸಿಡ್ನಿಗೆ ಹೋದೆ. ಸಮಾಧಿಯ ಕೆಲಸ ಮುಗಿದು, ಚರ್ಚಿನ ಹಾಲ್‌ನಲ್ಲಿ ಚಹಾ ಕೊಡುತ್ತಿದ್ದರು. ನಾನೊಂದು ಮೂಲೆಯಲ್ಲಿ ಕೂತಿದ್ದೆ. ಬೀಗರು ಹುಡುಕಿಕೊಂಡು ಬಂದರು. ತುಂಬ ವಯಸ್ಸಾದವರ ಹಾಗೆ ಕಾಣುತ್ತಿದ್ದರು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಎದುರು ನಿಂತರು.

"ಇನ್ನು ನನಗೆ ಯಾರು ಹೇಳ್ತಾರೆ?" ಅಂದರು.

ಅವರ ಅಣ್ಣನ ವೈನು ಆಂಟಿಯ ಜೊತೆ ಮಣ್ಣಿಗೆ ಹೋಗಿತ್ತು. ಅದನ್ನು ಇದ್ದ ಹಾಗೆ ಕುಡಿದ ನಾಲಗೆ ಇನ್ನೊಂದು ಇರಲಿಲ್ಲ. ನಾನಂತೂ ಹುಟ್ಟಿದಾರಭ್ಯ ವೈನಿನ ಒಂದು ಹನಿಯನ್ನು ಬಾಯಿಗಿಟ್ಟವಳಲ್ಲ. ಆದರೆ ಆ ಹಿತ್ತಲಿನಲ್ಲಿ ನಾನೂ ಇದ್ದೆನಲ್ಲ. ಆಮೇಲಿನ ಎಷ್ಟೋ ಊಟಗಳಲ್ಲಿಯೂ ಇದ್ದೆ.

ಪಕ್ಕದ ಕುರ್ಚಿ ಎಳೆದು ಅವರನ್ನು ಕೂರಿಸಿದೆ. "ಮೊದಲು ಒಗರು," ಅಂದೆ. ಅವರು ಕಣ್ಣು ಮುಚ್ಚಿದರು.